ಮುನೆಮ್ಮ ಕಟ್ಟಿದ ಗಂಟು

ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ, ಆಗ ನನ್ನ ಕೈಯಲ್ಲಿ ಸ್ಟಾಪ್‌ವಾಚ್ ಇತ್ತು, ಎದುರಿನ ಗೋಡೆಯಲ್ಲಿ ಗಡಿಯಾರವಿತ್ತು, ಎರಡನ್ನೂ ನೋಡುವುದೇ ನನ್ನ ಕೆಲಸವಾಗಿತ್ತು. ತಗಡು ಒತ್ತುವ ಮೂರನೇ ನಂಬರಿನ ಪ್ರೆಸ್ಸಿನ ಮುಂದೆ ಮುನೆಮ್ಮ ನಿಂತಿದ್ದರು. ಎರಡು ಅಂಗೈಗಳು ಎರಡು ಹಸಿರು ಬಟನ್‌ಗಳ ಮೇಲಿದ್ದವು. ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ಮೇಲಿನ ಅಚ್ಚು ಕೆಳಗಿಳಿಯುತ್ತದೆ. ಒಂದು ಕೈ ಎತ್ತಿದರೂ ಇದ್ದಲ್ಲೇ ನಿಲ್ಲುತ್ತದೆ. ಅವರು ಇನ್ನೂ ಒತ್ತಿರಲಿಲ್ಲ. ಕತ್ತು ಓರೆ ಮಾಡಿ ಯಂತ್ರದ ಹಿಂಬದಿಗೆ ಕಿವಿಗೊಟ್ಟಿದ್ದರು.

"ಹಾಕಿ ಮುನೆಮ್ಮ, ಟೈಮ್ ಆಗ್ತಿದೆ" ಎಂದೆ ನಾನು.

ಅವರು ಒತ್ತಿದರು.

ಆ ಕ್ಷಣವನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಮೊದಲು ಕಾಣುವುದು ಯಂತ್ರವಲ್ಲ, ಮುನೆಮ್ಮನ ಆ ಓರೆ ಕತ್ತು. ಅವರು ಯಾವಾಗಲೂ ಹಾಗೆಯೇ. ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯ ಪಕ್ಕದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ಬೈಕುಗಳಿಗೆ ಬೇಕಾಗುವ ತಗಡಿನ ಭಾಗಗಳನ್ನು ಒತ್ತುತ್ತೇವೆ. ಅಲ್ಲಿನ ಗದ್ದಲದಲ್ಲಿ ಪಕ್ಕದವರ ಮಾತು ಕೇಳುವುದೇ ಕಷ್ಟ. ಮುನೆಮ್ಮನಿಗೆ ಮಾತ್ರ ಆ ಗದ್ದಲದೊಳಗಿನ ಸಣ್ಣ ಸದ್ದುಗಳೂ ಬಿಡಿಬಿಡಿಯಾಗಿ ಕೇಳುತ್ತಿದ್ದವು. ಎಣ್ಣೆ ಕಡಿಮೆಯಾದರೆ ಮೀಟರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ಪ್ರೆಸ್ಸನ್ನು ಅವರು 'ಇವಳು' ಎಂದೇ ಕರೆಯುತ್ತಿದ್ದರು. "ಇವತ್ತು ಇವಳು ಮೊಂಡಾಟ ಮಾಡ್ತಾವಳೆ, ಏನೋ ಕಚ್ಕೊಂಡವಳೆ" ಎಂದರೆ, ಬಿಚ್ಚಿ ನೋಡಿದಾಗ ಎಲ್ಲೋ ಒಂದು ತಗಡಿನ ಚೂರು ಸಿಗುತ್ತಿತ್ತು.

ವಯಸ್ಸು ಐವತ್ತರ ಆಚೀಚೆ. ಕುಳ್ಳಗಿನ ಹೆಂಗಸು. ಸೀರೆಯ ಮೇಲೆ ಕಂಪನಿಯ ನೀಲಿ ಕೋಟು, ತಲೆಯ ಮೇಲೆ ಯಾವಾಗಲೂ ಒಂದು ಕಡೆಗೆ ವಾಲಿದ ಟೋಪಿ. ಊರು ಕಾಮಸಮುದ್ರದ ಆಚೆ ಒಂದು ಹಳ್ಳಿ. ಬೆಳಗಿನ ಜಾವ ಎರಡು ಸೀಮೆ ಹಸುಗಳ ಹಾಲು ಕರೆದು, ಡೈರಿಗೆ ಹಾಕಿ, ಮೊದಲ ಬಸ್ಸು ಹಿಡಿದು ಬರುವರು. ಹತ್ತಿರ ನಿಂತರೆ ಸೋಪಿನ ವಾಸನೆಯ ಕೆಳಗೆ ಹಸಿ ಹುಲ್ಲಿನ ವಾಸನೆ ತೆಳ್ಳಗೆ ಬರುತ್ತಿತ್ತು. ಆ ಪ್ರೆಸ್ಸಿನಲ್ಲಿದ್ದ ಆರು ಹೆಂಗಸರಿಗೆ ಅವರೇ ಮುಂದಾಳು.

ಆ ಆರು ಜನರಲ್ಲಿ ಒಂದು ಪದ್ಧತಿಯಿತ್ತು, ಅದು ಮುನೆಮ್ಮ ತಂದದ್ದು. ಒಬ್ಬೊಬ್ಬರ ಹತ್ತಿರವೂ ಹಳೇ ಸೀರೆಯಿಂದ ಹರಿದ ಒಂದೊಂದು ಬಟ್ಟೆಪಟ್ಟಿ, ಒಬ್ಬೊಬ್ಬರದು ಒಂದೊಂದು ಬಣ್ಣ. ಅಚ್ಚು ಬದಲಾಯಿಸಲು ಯಂತ್ರದೊಳಗೆ ಕೈ ಹಾಕುವ ಮೊದಲು ಪ್ರತಿಯೊಬ್ಬರೂ ಹಿಂದಿನ ಗೋಡೆಯವರೆಗೆ ನಡೆದು ಹೋಗಿ, ಆಫ್ ಮಾಡಿದ ಮೇನ್ ಸ್ವಿಚ್ಚಿನ ಹಿಡಿಗೆ ತಮ್ಮ ಪಟ್ಟಿ ಕಟ್ಟಿ ಬರಬೇಕು. ಕರುವನ್ನು ಗೂಟಕ್ಕೆ ಕಟ್ಟುವಾಗ ಹಾಕುತ್ತಾರಲ್ಲ, ಅದೇ ಗಂಟು. ಕೆಲಸ ಮುಗಿದ ಮೇಲೆ ಕಟ್ಟಿದವರೇ ಬಂದು ಬಿಚ್ಚಬೇಕು. ಒಂದೇ ಒಂದು ಪಟ್ಟಿ ಉಳಿದಿದ್ದರೂ ಸ್ವಿಚ್ ಹಾಕುವಂತಿಲ್ಲ. ಸ್ವಿಚ್ಚಿಗೆ ಹಾಕಲು ಕಂಪನಿ ಕೊಟ್ಟಿದ್ದ ಬೀಗಗಳು, ಕೀ ಕಳೆದುಹೋದೀತೆಂದು, ಸ್ಟೋರಿನ ಡ್ರಾಯರಿನಲ್ಲಿ ಭದ್ರವಾಗಿದ್ದವು.

"ಮೇನೇಜರ್ ಬಂದು ಬಿಚ್ಚು ಅಂದ್ರೂ ನಾ ಇನ್ನೊಬ್ರುದ್ದು ಬಿಚ್ಚಲ್ಲ" ಎನ್ನುತ್ತಿದ್ದರು ಮುನೆಮ್ಮ. "ಬಿಚ್ಚಾಕೆ ಅವರೇನು ಇವಳ ಬಾಯಾಗೆ ತಲೆ ಇಕ್ತಾರಾ?"

ನಾನು ಆಂಡರ್ಸನ್‌ಪೇಟೆಯವಳು. ಎಂಜಿನಿಯರಿಂಗ್ ಓದಿ, ಉತ್ಪಾದನೆಯ ಸಮಯ ಮತ್ತು ಖರ್ಚು ಇಳಿಸುವ ಕೆಲಸಕ್ಕೆ ಅಲ್ಲಿ ಸೇರಿದ್ದೆ. ನಮ್ಮಿಂದ ಮಾಲು ಕೊಳ್ಳುವವರು ಆಗ ಒಂದೇ ಮಾತು ಹೇಳಿದ್ದರು: ಸಣ್ಣ ಸಣ್ಣ ಪ್ರಮಾಣದಲ್ಲಿ ಬಗೆಬಗೆಯ ಭಾಗ ಬೇಕು, ಬೆಲೆ ಏರಬಾರದು. ಹಾಗಾದರೆ ದಿನಕ್ಕೆ ಎಂಟು ಸಲ ಅಚ್ಚು ಬದಲಿಸಬೇಕು. ಪ್ರತಿ ಸಲಕ್ಕೆ ಹದಿನಾರು ನಿಮಿಷ ಹಿಡಿಯುತ್ತಿದ್ದುದು ಹತ್ತರೊಳಗೆ ಬರಬೇಕು. ಮೂರು ತಿಂಗಳಲ್ಲಿ ಬಾರದಿದ್ದರೆ ಆ ಕೆಲಸ ಹೊಸೂರಿನ ಕಾರ್ಖಾನೆಗೆ ಹೋಗುತ್ತದೆ. ಮೂರನೇ ಪ್ರೆಸ್ ನಿಲ್ಲುತ್ತದೆ. ಆರು ಹೆಂಗಸರೂ ಮನೆಗೆ.

ನಾನು ವಾರಗಟ್ಟಲೆ ನಿಂತು ಅವರ ಒಂದೊಂದು ಹೆಜ್ಜೆಯನ್ನೂ ಬರೆದುಕೊಂಡೆ. ಬಟ್ಟೆ ಕಟ್ಟುವುದಕ್ಕೆ, ಬಿಚ್ಚುವುದಕ್ಕೆ ನಾಲ್ಕು ನಿಮಿಷ. ಅದರ ಮೇಲೆ ಕೆಂಪು ಗೆರೆ ಎಳೆದೆ. ಬದಲಿಗೆ, ಮುಂದೆ ನಿಂತವರು "ಆಯ್ತಾ?" ಎಂದು ಕೂಗಬೇಕು, ಒಳಗಿದ್ದವರೆಲ್ಲ "ಆಯ್ತು" ಎನ್ನಬೇಕು, ಅಷ್ಟೆ.

"ಬಾಯ್ಮಾತು ಗಾಳೀಲಿ ಓಯ್ತದೆ ಮೇಡಮ್ಮ. ಬಟ್ಟೆ ಅಲ್ಲೇ ಇರ್ತದೆ" ಎಂದರು ಮುನೆಮ್ಮ.

"ನಾಲ್ಕು ನಿಮಿಷ ಮುನೆಮ್ಮ. ದಿನಕ್ಕೆ ಎಂಟು ಸಲ. ಅರ್ಧ ಗಂಟೆಗಿಂತ ಜಾಸ್ತಿ."

"ಆ ಅರ್ಧ ಗಂಟೆ ಉಳಿಸ್ಕೊಂಡು ಏನ್ಮಾಡ್ತೀರಾ, ಉಪ್ಪಿನಕಾಯಿ ಆಕ್ತೀರಾ?"

ಹೆಂಗಸರೆಲ್ಲ ನಕ್ಕರು. ನನಗೆ ಅವಮಾನವಾಯಿತು. ಮರುದಿನವೇ ಹೊಸ ಕ್ರಮವನ್ನು ಅಚ್ಚು ಹಾಕಿಸಿ, ಮ್ಯಾನೇಜರ್ ಸಹಿ ಹಾಕಿಸಿ, ಕಂಬಕ್ಕೆ ಅಂಟಿಸಿದೆ. ಮುನೆಮ್ಮ ಅದನ್ನು ನಿಧಾನವಾಗಿ ಓದಿದರು. ಆರೂ ಪಟ್ಟಿಗಳನ್ನು ಮಡಿಸಿ ತಮ್ಮ ಊಟದ ಚೀಲಕ್ಕೆ ಹಾಕಿಕೊಂಡರು.

ಅದಾದ ಎರಡನೇ ವಾರ, ಹತ್ತು ನಲವತ್ತೆರಡು. ಹಿಂಬದಿಯಲ್ಲಿ ಬೋಲ್ಟು ಬಿಗಿಯುತ್ತಿದ್ದವಳು ಉರಿಗಾಂನ ಸೆಲ್ವಿ. ಅವಳು "ಆಯ್ತಕ್ಕಾ" ಎಂದದ್ದನ್ನು ನಾನೂ ಕೇಳಿದ್ದೆ. ಹಾಗೆ ಹೇಳಿದ ಮೇಲೆ ಅವಳಿಗೆ ಸ್ಪ್ಯಾನರ್ ಒಳಗೇ ಬಿಟ್ಟಿದ್ದು ನೆನಪಾಗಿದೆ. ಎತ್ತಿಕೊಳ್ಳಲು ಮತ್ತೆ ಬಗ್ಗಿದ್ದಾಳೆ. ಮುಂದಿನಿಂದ ನೋಡಿದರೆ ಅವಳು ಕಾಣುವುದಿಲ್ಲ. ನನ್ನ ಸ್ಟಾಪ್‌ವಾಚ್ ಮೊದಲ ಸಲ ಹತ್ತು ನಿಮಿಷದ ಕೆಳಗಿತ್ತು. ನನ್ನ ಕಣ್ಣು ಅಲ್ಲೇ ಇತ್ತು.

ಅಚ್ಚು ಇಳಿಯತೊಡಗಿತು. ಅದು ಆತುರವಿಲ್ಲದೆ ಇಳಿಯುತ್ತದೆ. ಇದ್ದಕ್ಕಿದ್ದಂತೆ ಮುನೆಮ್ಮ ಬೆಂಕಿ ಮುಟ್ಟಿದವರಂತೆ ಎರಡೂ ಕೈ ಎತ್ತಿದರು. ಹಿಂದೆ ಕಬ್ಬಿಣಕ್ಕೆ ಸ್ಪ್ಯಾನರ್ ತಗುಲಿದ ಸದ್ದು ಅವರಿಗೆ ಕೇಳಿಸಿತ್ತು. ನನಗೆ ಏನೂ ಕೇಳಿಸಿರಲಿಲ್ಲ.

ಸೆಲ್ವಿ ತಲೆ ಎತ್ತಿದಾಗ ಅದು ಅಚ್ಚಿಗೆ ಬಡಿಯಿತು. ತಲೆ ಉಜ್ಜಿಕೊಳ್ಳುತ್ತಾ, ನಗುತ್ತಲೇ ಹೊರಗೆ ಬಂದಳು. "ಒಣ್ಣುಮಿಲ್ಲೆ ಅಕ್ಕಾ, ಏನೂ ಇಲ್ಲ, ಸುಮ್ನೆ ತಟ್ಟಿತು" ಎಂದಳು. ಆಮೇಲೆ ಹಿಂದಿರುಗಿ ನೋಡಿದಳು. ಮೇಲಿನ ಅಚ್ಚಿಗೂ ಕೆಳಗಿನ ಅಚ್ಚಿಗೂ ನಡುವೆ ಒಂದೂವರೆ ಗೇಣು ಜಾಗ ಉಳಿದಿತ್ತು. ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ನನ್ನ ಕೈಯಲ್ಲಿ ಸ್ಟಾಪ್‌ವಾಚ್ ಇನ್ನೂ ಓಡುತ್ತಲೇ ಇತ್ತು.

ಮುನೆಮ್ಮ ಯಾರನ್ನೂ ಬಯ್ಯಲಿಲ್ಲ. ಸೆಲ್ವಿಗೆ ನೀರು ಕುಡಿಸಿದರು, ಅವಳ ನೆತ್ತಿಯನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಊಟದ ಚೀಲದಿಂದ ಪಟ್ಟಿಗಳನ್ನು ತೆಗೆದು, ತಮ್ಮದನ್ನು ಸ್ವಿಚ್ಚಿಗೆ ಕಟ್ಟಿದರು. "ಇವತ್ತಿಗೆ ಇವಳು ಸಾಕು" ಎಂದರು. ಮಧ್ಯಾಹ್ನದವರೆಗೆ ಆ ಪ್ರೆಸ್ಸನ್ನು ಮುಟ್ಟುವ ಧೈರ್ಯ ಯಾರಿಗೂ ಬರಲಿಲ್ಲ.

ಆವತ್ತಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಅಚ್ಚು ಇಳಿಯುತ್ತದೆ, ಕನಸಿನಲ್ಲಿ ಮುನೆಮ್ಮ ಕೈ ಎತ್ತುವುದೇ ಇಲ್ಲ.

ಮ್ಯಾನೇಜರ್ 'ಕೆಲಸಗಾರರ ಅಜಾಗರೂಕತೆ' ಎಂದು ಬರೆದು ಮುಗಿಸುವುದರಲ್ಲಿದ್ದರು. ಹಾಗೆ ಬರೆದರೆ ನನ್ನ ಹೊಸ ಕ್ರಮ ಕಂಬದ ಮೇಲೆ ಹಾಗೇ ಉಳಿಯುತ್ತಿತ್ತು. 'ಹಾಕಿ' ಎಂದವರು ಯಾರೆಂದು ಮುನೆಮ್ಮ ಹೇಳಬಹುದೆಂದು ಒಂದು ದಿನವಿಡೀ ಕಾದೆ. ಅವರು ಹೇಳಲಿಲ್ಲ. ಕೊನೆಗೆ ನಾನೇ ಬರೆದುಕೊಟ್ಟೆ: ಬಟ್ಟೆ ಕಟ್ಟುವುದನ್ನು ನಿಲ್ಲಿಸಿದವಳು ನಾನು, ಒತ್ತಲು ಹೇಳಿದವಳೂ ನಾನು. ಅದನ್ನು ಎರಡು ಸಲ ಓದಿದ ಮ್ಯಾನೇಜರ್, "ಸರಿ ಕಣಮ್ಮ, ಕಟ್ಕೊಳ್ಳಿ. ಆದ್ರೆ ಹತ್ತು ನಿಮಿಷ ಅಂದ್ರೆ ಹತ್ತೇ ನಿಮಿಷ. ಇನ್ನು ಐದು ವಾರ ಇದೆ" ಎಂದರು.

ಮುನೆಮ್ಮನ ಹತ್ತಿರ ಹೋಗಿ, ಬಟ್ಟೆ ಕಟ್ಟಿದರೆ ಹತ್ತು ನಿಮಿಷಕ್ಕೆ ಬರುವುದು ಸಾಧ್ಯವಿಲ್ಲ ಎಂದೆ. ಚಹಾ ಲೋಟ ಕೆಳಗಿಟ್ಟು ಅವರು ನನ್ನ ಮುಖ ನೋಡಿದರು.

"ಟೈಮು ಬ್ಯಾಡ ಅಂತ ನಾ ಯಾವತ್ತು ಅಂದೆ? ನಮ್ಗೂ ಕೆಲ್ಸ ಬೇಕು. ಆ ನಾಕು ನಿಮಿಷಾನ ನಮ್ ಗಂಟ್ನಾಗೇ ಯಾಕೆ ಉಡುಕ್ತೀರಾ? ಬೇರೆ ಕಡೆ ರಾಶಿ ಬಿದ್ದೈತೆ. ಆಲು ಕರೆಯಾಕೆ ಕೂತ್ಮೇಲೆ ಬಕೀಟು ಉಡುಕ್ಕೊಂಡು ಓಯ್ತೀವಾ? ಕರು ಬಿಟ್ಮೇಲೆ ಅಸು ನಮಗೋಸ್ಕರ ಕಾಯಲ್ಲ, ಐದಾರು ನಿಮಿಷ ಅಷ್ಟೇ. ಬಿಸಿನೀರು, ಬಕೀಟು, ಬೂಸ, ಎಲ್ಲಾ ಕೈಗೆ ಸಿಗೋ ಅಂಗಿಟ್ಟು ಆಮೇಲೆ ಕರು ಬಿಡೋದು. ನೀವು ಇವಳನ್ನ ನಿಲ್ಸಿ, ಆಮೇಲೆ ಅಚ್ಚು ತರಾಕೆ ಓಯ್ತೀರಾ."

ಇದೇ ಮಾತು ನನ್ನ ಕಾಲೇಜಿನ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯವಾಗಿತ್ತು. ಅದಕ್ಕೆ ಒಳ್ಳೇ ಅಂಕವೂ ಬಂದಿತ್ತು. ಆದರೂ ಇಷ್ಟು ವಾರ ನಾನು ಅಳೆದದ್ದು ಹೆಂಗಸರ ಕೈಗಳನ್ನು ಮಾತ್ರ.

ಮಾರನೆಯ ದಿನದಿಂದ ಹಟ ಹಿಡಿದು ಕೂತೆವು. ಯಂತ್ರ ಓಡುತ್ತಿರುವಾಗಲೇ ಮುಂದಿನ ಅಚ್ಚು ತಳ್ಳುಗಾಡಿಯ ಮೇಲೆ ಪಕ್ಕಕ್ಕೆ ಬಂದು ನಿಲ್ಲಬೇಕು. ಐದು ಅಳತೆಯ ಬೋಲ್ಟುಗಳ ಬದಲು ಒಂದೇ ಅಳತೆ; ಅದಕ್ಕಾಗಿ ಗಿಡ್ಡ ಅಚ್ಚುಗಳ ಕೆಳಗೆ ಉಕ್ಕಿನ ಹಲಗೆ ಜೋಡಿಸಿ ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದೆವು. ಹಿಂದಕ್ಕೊಂದು, ಮುಂದಕ್ಕೊಂದು ಸ್ಪ್ಯಾನರ್, ಎರಡನ್ನೂ ಹಗ್ಗದಲ್ಲಿ ಕಂಬಕ್ಕೆ ಕಟ್ಟಿದೆವು. ಒಂದೊಂದು ಬದಲಾವಣೆಗೂ ಮುನೆಮ್ಮ ಆರು ಜನರನ್ನೂ ಕೇಳುವರು. ಒಬ್ಬಳು ಮುಖ ಸಿಂಡರಿಸಿದರೂ ಮತ್ತೆ ಮೊದಲಿಂದ. ಹದಿನಾರು ನಿಮಿಷ ಹದಿನಾಲ್ಕಾಯಿತು, ಹದಿನಾಲ್ಕು ಹನ್ನೆರಡಾಯಿತು, ಹನ್ನೆರಡು ಹನ್ನೊಂದೂವರೆಯಾಯಿತು. ಅಲ್ಲಿ ಸಿಕ್ಕಿಹಾಕಿಕೊಂಡೆವು.

ಆಗ ಅವರು ಗೋಡೆಯವರೆಗಿನ ಹೆಜ್ಜೆಗಳನ್ನು ಎಣಿಸಿದರು. ಸ್ವಿಚ್ಚನ್ನೇ ಪ್ರೆಸ್ಸಿನ ಪಕ್ಕಕ್ಕೆ ತರಬೇಕೆಂದರು. ಮ್ಯಾನೇಜರ್ ಖರ್ಚಿನ ಮಾತೆತ್ತಿದರು.

"ಸಾರ್, ದಿನಾ ಆರು ಎಂಗಸ್ರು ಆ ಗೋಡೆವರ್ಗೂ ನಡ್ದು ಬತ್ತಾರಲ್ಲಾ, ಆ ನಡಿಗೆಗೆ ಸಂಬಳ ಕೊಡೋರು ಯಾರು? ನಮ್ಮತ್ತೆನಾ?"

ಮ್ಯಾನೇಜರಿಗೆ ನಗು ತಡೆಯಲಾಗಲಿಲ್ಲ. ಸ್ವಿಚ್ ಬಂತು. ಗಡಿಯಾಚೆಯಿಂದ ಬರುತ್ತಿದ್ದ ಎಲೆಕ್ಟ್ರಿಷಿಯನ್ನನ್ನು "ರಾ ನಾಯನಾ, ಇಕ್ಕಡ ಪೆಟ್ಟು" ಎಂದು ತೆಲುಗಿನಲ್ಲಿ ಕರೆದು, ಎಲ್ಲಿ ಕೂರಿಸಬೇಕೆಂದು ಮುನೆಮ್ಮ ಬೆರಳಿಟ್ಟು ತೋರಿಸಿದರು. ಅವರ ಎದೆಯ ಮಟ್ಟಕ್ಕೆ, ಎಲ್ಲರ ಕಣ್ಣಿಗೂ ಕಾಣುವ ಹಾಗೆ.

ಪರೀಕ್ಷೆಯ ದಿನ ಮಾಲು ಕೊಳ್ಳುವ ಕಂಪನಿಯ ಅಧಿಕಾರಿ ತನ್ನದೇ ಗಡಿಯಾರ ತಂದಿದ್ದ. ಎಂಟೂಮುಕ್ಕಾಲು ನಿಮಿಷಕ್ಕೆ ಎಲ್ಲ ಮುಗಿದಂತೆ ಕಂಡಿತು. ಐವರು ಪಟ್ಟಿ ಬಿಚ್ಚಿದರು. ಸೆಲ್ವಿಯ ಹಸಿರು ಪಟ್ಟಿ ಒಂದು ಉಳಿದಿತ್ತು. ಒಂಬತ್ತು ದಾಟಿತು. ನನ್ನ ನಾಲಿಗೆಯ ತುದಿಗೆ ಮಾತು ಬಂತು. ಹಲ್ಲು ಕಚ್ಚಿ ನಿಂತೆ.

"ಯಾಕೆ ನಿಲ್ಲಿಸಿದ್ದೀರಿ?" ಎಂದ ಅಧಿಕಾರಿ.

"ಇನ್ನೂ ಒಂದ್ ಗಂಟೈತೆ ಸಾ" ಎಂದರು ಮುನೆಮ್ಮ, ಅವನ ಕಡೆ ತಿರುಗದೆ.

ಸೆಲ್ವಿ ಹಿಂದಿನಿಂದ ಬಂದಳು, ಕೈ ಒರೆಸಿಕೊಂಡಳು, ಬಿಚ್ಚಿದಳು. ಒಂಬತ್ತು ನಿಮಿಷ ಮೂವತ್ತೆಂಟು ಸೆಕೆಂಡಿಗೆ ಮೊದಲ ತಗಡು ಹೊರಬಂತು. ಕೆಲಸ ನಮ್ಮಲ್ಲೇ ಉಳಿಯಿತು. ಹೆಂಗಸರು ಕಿರುಚಿಕೊಂಡು ಕುಣಿದರು. ಮುನೆಮ್ಮ ಮಾತ್ರ ಟೋಪಿ ತೆಗೆದು ಬೆವರು ಒರೆಸಿಕೊಂಡು, ಮತ್ತೆ ಹಾಗೇ ವಾರೆಯಾಗಿ ಇಟ್ಟುಕೊಂಡರು.

ನನಗೆ ನಿದ್ದೆ ಮಾತ್ರ ಬರಲಿಲ್ಲ. ಎರಡು ತಿಂಗಳಲ್ಲಿ ಮುನೆಮ್ಮ ಕೆಲಸ ಬಿಟ್ಟರು. ಊರಿನ ಹಾಲಿನ ಡೈರಿಗೆ ಅವರನ್ನೇ ಕಾರ್ಯದರ್ಶಿ ಮಾಡಿದ್ದರು. ಎರಡೂ ಹೊತ್ತು ಅಲ್ಲಿರಬೇಕು. ಅದೇ ಹೊತ್ತಿಗೆ ನನ್ನನ್ನು ದೂರದ ಊರಿನ ಕಾರ್ಖಾನೆಗೆ ಹಾಕಿದರು. ಹೋಗುವ ಮುಂಚೆ ಒಂದು ಶನಿವಾರ ಅವರ ಮನೆಗೆ ಹೋದೆ. ನಾನು ಅವರನ್ನು ಕಂಡದ್ದು ಅದೇ ಕೊನೆ. ಸಂಜೆಯ ಬಸ್ಸು ಬರಲಿಲ್ಲ. "ಉಳ್ಕೋ ಅಮ್ಮಣ್ಣಿ" ಎಂದರು. ಕಾರ್ಖಾನೆಯ ಹೊರಗೆ ನಾನು ಮೇಡಮ್ಮನಾಗಿರಲಿಲ್ಲ.

ಹುರುಳಿ ಸಾರು, ಮುದ್ದೆ ಉಂಡು ಜಗಲಿಯ ಮೇಲೆ ಕೂತಾಗ ಕೇಳಿಯೇ ಬಿಟ್ಟೆ: "ನಾನು ಹಾಕಿ ಅಂದಿದ್ದನ್ನ ನೀವು ಯಾಕೆ ಯಾರಿಗೂ ಹೇಳಲಿಲ್ಲ?"

"ಯೋಳಿ ಏನ್ಮಾಡ್ಲಿ? ಒತ್ತಿದ್ದು ನನ್ ಕೈ ಅಲ್ವಾ? ಇಷ್ಟ್ ವರ್ಷ ಯಾರ್ ಯೋಳಿದ್ರೂ ಒತ್ತದೋಳು, ಅವತ್ತು ಒತ್ತಿದೆ. ನನಗೂ ನಿದ್ದೆ ಇಲ್ಲ ಕಣವ್ವ. ಕಣ್ ಮುಚ್ಚಿದ್ರೆ ಎರಡೂ ಕೈ ಆ ಬಟನ್ನಿಗೆ ಅಂಟ್ಕೊಂಡಿರ್ತವೆ. ಕೀಳಾಕೆ ಓದ್ರೂ ಬರಲ್ಲ."

ಇಬ್ಬರದೂ ಒಂದೇ ಕನಸು. ಅಲ್ಲಿ ನಿಂತು ನೋಡಿದವಳು ನಾನೊಬ್ಬಳೇ. ಆದರೂ ನೋಡಿದ್ದನ್ನು ಅವರಿಗೆ ಒಮ್ಮೆಯೂ ಹೇಳಿರಲಿಲ್ಲ.

"ಎತ್ತಿದ್ರಿ" ಎಂದೆ. "ಸೆಲ್ವಿ ತಲೆ ಎತ್ತೋಕೆ ಮುಂಚೆ, ಯಾರಿಗೂ ಏನೂ ಗೊತ್ತಾಗೋಕೆ ಮುಂಚೆ, ಎರಡೂ ಕೈ ಎತ್ತಿದ್ರಿ. ನಾನು ನೋಡ್ದೆ."

"ನೀ ವಾಚು ನೋಡ್ತಿದ್ದೆ."

"ಕೈ ಎತ್ತಿದಾಗ ನಿಮ್ಮನ್ನೇ ನೋಡ್ದೆ. ಇಷ್ಟು ಮೇಲಕ್ಕೆ." ನನ್ನ ಎರಡೂ ಕೈಗಳನ್ನು ಎತ್ತಿ ತೋರಿಸಿದೆ.

ಅವರು ನನ್ನ ಕೈಗಳನ್ನು ನೋಡಿದರು. ಆಮೇಲೆ ತಮ್ಮ ಅಂಗೈಗಳನ್ನು ತಿರುಗಿಸಿ, ಮಡಿಲಲ್ಲಿ ಇಟ್ಟುಕೊಂಡು, ಬಹಳ ಹೊತ್ತು ನೋಡುತ್ತಾ ಕೂತರು. "ಊಂ" ಎಂದರು ಕೊನೆಗೆ. ಚಾಪೆ ಹಾಸಿದರು.

ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಯಾರೋ ಬಾಗಿಲು ಬಡಿಯುತ್ತಿದ್ದರು. ಹೊರಗೆ ಹಸುಗಳು ಕೂಗುತ್ತಿದ್ದವು, ಹಾಲಿನ ಕ್ಯಾನುಗಳು ಒಂದಕ್ಕೊಂದು ತಗುಲುತ್ತಿದ್ದವು.

"ಏನ್ ಅಕ್ಕೋ, ಕಾರ್ಯದರ್ಶಿ! ಡೈರಿ ಬೀಗದ ಕೈ ನಿನ್ತಾವೇ ಇಟ್ಕೊಂಡು ಮಲ್ಗಿದ್ದೀಯಲ್ಲಾ, ನಾವು ಆಲು ಬಾವಿಗುಯ್ಯಾನಾ?"

ಪಕ್ಕದ ಚಾಪೆಯ ಮೇಲೆ ಮುನೆಮ್ಮ ಕೆನ್ನೆಯ ಕೆಳಗೆ ಕೈ ಇಟ್ಟುಕೊಂಡು, ಬಾಯಿ ತೆರೆದು, ಇನ್ನೂ ನಿದ್ದೆಯಲ್ಲಿದ್ದರು. ಆವತ್ತು ಭಾನುವಾರ, ಹಸುಗಳಿಗೆ ಮಾತ್ರ ರಜೆಯಿರಲಿಲ್ಲ.