ನನ್ನ ಅರ್ಜಿ ಎಳೆದ ಗೆರೆ

ಕೆರೆಯ ತೂಬು ಕಾಯುವವನ ಬೇಜವಾಬ್ದಾರಿಯನ್ನು ಕುರಿತು ಮೇಲಧಿಕಾರಿಗಳಿಗೆ ಅರ್ಜಿ ಬರೆಯುತ್ತ ಕುಳಿತಿದ್ದೆ. ನಾಲ್ಕು ಸಾಲು ಚೆನ್ನಾಗಿಯೇ ಬಂದಿದ್ದವು. ಐದನೆಯದರಲ್ಲಿ ‘ಅಕ್ಷಮ್ಯ’ ಎಂಬ ಪದವನ್ನು ಎಲ್ಲಿ ಕೂರಿಸಿದರೆ ಹೆಚ್ಚು ಚುಚ್ಚೀತು ಎಂದು ಯೋಚಿಸುತ್ತಿದ್ದಾಗ, ಬೀದಿಯಲ್ಲಿ ಹಾದುಹೋಗುತ್ತಿದ್ದ ಕುರಿಹಿಂಡಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಉಣ್ಣೆ, ಹಿಕ್ಕೆ, ಧೂಳು ಬೆರೆತ ವಾಸನೆ. ನಿಮಗದು ಹಿಡಿಸದಿರಬಹುದು. ನನಗೆ ಮಾತ್ರ ಯಾರೋ ಹಿಂದಿನಿಂದ ಬಂದು ಕಿವಿ ಹಿಂಡಿದಂತಾಗುತ್ತದೆ. ಪೆನ್ನು ನಿಂತಿತು.

ಕೆಲವು ವರ್ಷಗಳ ಹಿಂದಿನ ಮಾತು. ಕನ್ನಡ ನಾಡು ಒಂದಾದ ಹೊಸತು. ಮೈಸೂರಿನಲ್ಲಿ ಓದು ಮುಗಿಸಿ ಶಿಕಾರಿಪುರಕ್ಕೆ ಮರಳಿದ್ದೆ. ಪದವಿಯಿತ್ತು, ಕೆಲಸವಿರಲಿಲ್ಲ, ಆದ್ದರಿಂದ ಇಡೀ ತಾಲ್ಲೂಕಿನ ಕೆಲಸವನ್ನು ವಿಚಾರಣೆ ಮಾಡುವ ಹುದ್ದೆಗೆ ನನ್ನನ್ನು ನಾನೇ ನೇಮಿಸಿಕೊಂಡಿದ್ದೆ. ಊರಂಚಿನಲ್ಲಿ ಅಧಿಕಾರಿಗಳು ಇಳಿದುಕೊಳ್ಳುವ ಬಂಗಲೆಯೊಂದಿತ್ತು. ಅದರ ಮುಂದಿನ ಗರಿಕೆಯ ಹುಲ್ಲುಹಾಸು, ಕ್ಷೌರಿಕ ಅರ್ಧಕ್ಕೇ ಎದ್ದುಹೋದ ತಲೆಯಂತೆ, ಅಲ್ಲೊಂದು ಹಸಿರು ತೇಪೆ, ಇಲ್ಲೊಂದು ಬೋಳು ನೆಲ. ಮೈಸೂರಿನ ಹಸಿರನ್ನು ಕಂಡು ಬಂದ ಕಣ್ಣಿಗೆ ಅದು ಆಡಳಿತದ ಮುಖದಂತೆಯೇ ಕಾಣುತ್ತಿತ್ತು.

ಬೇಸಿಗೆಯ ಒಂದು ಬೆಳಿಗ್ಗೆ ನೋಡಿದರೆ ಹುಲ್ಲುಹಾಸಿನ ಮೇಲೆ ಬಿದಿರು ತಟ್ಟಿಗಳ ಆವರಣ, ಅದರ ತುಂಬ ಕುರಿ. ಬಂಗಲೆಯ ಮಾಲಿ ಹುಚ್ಚರಾಯಪ್ಪನವರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಆ ಹಿಂಡಿನೊಡೆಯನಾದ ತಮ್ಮ ಭಾವಮೈದುನನ ಜೊತೆ ಎಲೆಯಡಿಕೆ ಮೆಲ್ಲುತ್ತ ನಿಂತಿದ್ದರು. ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನೆಟ್ಟಗೆ ಮನೆಗೆ ಹೋಗಿ ಮೂರು ಪುಟ ಬರೆದೆ. ಮೊದಲ ಸಾಲು ಇನ್ನೂ ಬಾಯಿಗೆ ಬರುತ್ತದೆ: “ಸರ್ಕಾರದ ಹುಲ್ಲುಹಾಸು ನೌಕರನ ನೆಂಟರ ಕುರಿದೊಡ್ಡಿಯಾದರೆ, ಉತ್ತರ ಹೇಳಬೇಕಾದವರು ಯಾರು?”

ಆ ಅರ್ಜಿಯನ್ನು ಮೂವರು ಅಧಿಕಾರಿಗಳು ಓದಿದರಂತೆ. ಹುಲ್ಲನ್ನು ಒಬ್ಬರೂ ಬಂದು ನೋಡಲಿಲ್ಲ. ಆದರೂ ಹುಕುಂ ಬಂತು: ಕುರಿಗಳು ಈ ಕ್ಷಣ ಹೊರಗೆ ಹೋಗಬೇಕು, ದೀಪಾವಳಿಗೆ ದೊಡ್ಡ ಸಾಹೇಬರು ಬರುವಷ್ಟರಲ್ಲಿ ಹುಲ್ಲುಹಾಸು ನೆಟ್ಟಗಾಗದಿದ್ದರೆ ಮಾಲಿಯೂ ಹೊರಗೆ. ನಾನು ಹೋಟೆಲಿಗೆ ಹೋಗಿ ಗೆದ್ದವನಂತೆ ಎರಡು ಲೋಟ ಕಾಫಿ ಕುಡಿದೆ.

ಮುಂಗಾರು ಹಿಡಿಯಿತು. ಆಷಾಢದ ಮಳೆ ತುಸು ಬಿಡುವು ಕೊಟ್ಟ ಹೊಳವಿನಲ್ಲಿ ಬಂಗಲೆಯ ಗೇಟಿನ ಮುಂದೆ ಹಾದುಹೋಗುತ್ತಿದ್ದವನು ನಿಂತುಬಿಟ್ಟೆ. ಹುಲ್ಲುಹಾಸಿನ ನಡುವೆ, ದಾರ ಹಿಡಿದು ಎಳೆದಂತೆ, ನೇರವಾದ ಒಂದು ಗೆರೆ. ಗೆರೆಯ ಆಚೆ ಗರಿಕೆ ಎಷ್ಟು ಒತ್ತಾಗಿ ಎದ್ದಿತ್ತೆಂದರೆ ನೆಲವೇ ಉಸಿರೆಳೆದುಕೊಂಡು ಉಬ್ಬಿದಂತಿತ್ತು. ಬೆರಳು ಚುಚ್ಚಿದರೆ ಮಣ್ಣು ಸಿಕ್ಕದು. ಈಚೆ ಹಳೆಯ ಬೋಳು, ಹಳೆಯ ತೇಪೆ. ಒಂದೇ ಮಳೆ, ಒಂದೇ ನೆಲ. ಗೇಟಿನ ಕಂಬಿ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ. ಹುಲ್ಲಿನ ಮುಂದೆ ತಲೆ ಬಾಗಬೇಕೆನಿಸಿದ್ದು ನನಗೆ ಅದೇ ಮೊದಲು.

“ಏನ್ ನೋಡ್ತೀರಿ?” ಒಳಗಿನಿಂದ ಹುಚ್ಚರಾಯಪ್ಪನವರು ಕೇಳಿದರು. “ಅದು ನೀವೇ ಎಳ್ದ ಗೆರಿ.”

“ನಾನೇ?”

“ಮೂರ್ ಮೂರ್ ದಿನಕ್ಕ ತಟ್ಟಿ ಮುಂದಕ್ಕ ಸರಸ್ತಿದ್ವಿ. ಅರ್ಧಕ್ಕ ಬಂದಾಗ ನಿಮ್ಮ ಕಾಗದ ಬಂತು. ಕಡೀ ತಟ್ಟಿ ನಿಂತಿದ್ದು ಅಲ್ಲೇ ನೋಡ್ರಿ.”

“ಕುರಿ ಹುಲ್ಲು ತಿಂದು ಹಾಳು ಮಾಡುತ್ತದೆ ಎಂದುಕೊಂಡೆ.”

“ತಿಂತೈತಿ ಅಂತ ಮೂರ್ ಹಾಳಿ ಬರದ್ರಿ. ತಿಂದ ಮ್ಯಾಲೆ ಅಲ್ಲೇ ಏನ್ ಬಿಟ್ಟು ಹೋಗ್ತೈತಿ ಅಂತ ಒಂದ್ ಸಾಲು ಬರೀಬೇಕಿತ್ತಲ್ರೀ. ನಿಮ್ಮ ಸಾಲಿಯಾಗ ಅದನ್ನ ಕಲಸೋದಿಲ್ಲೇನು?”

ಆಮೇಲೆ ಅವರೇ ಬಿಡಿಸಿ ಹೇಳಿದರು: ಬಿಸಿಲಿಗೆ ಬಾಡಿದ ಗರಿಕೆಯ ಗೆಣ್ಣುಗಳನ್ನು ಗೊರಸು ನೆಲದೊಳಕ್ಕೆ ತುಳಿಯುತ್ತದೆ, ಹಿಕ್ಕೆಯೂ ಗಂಜಲವೂ ಉಳಿದದ್ದನ್ನು ನೋಡಿಕೊಳ್ಳುತ್ತವೆ. ಅವರ ಮನೆತನ ಹೊಲಗಳಿಗೆ ತಲೆತಲಾಂತರದಿಂದ ಮಾಡಿಕೊಂಡು ಬಂದದ್ದನ್ನೇ ಅವರು ಸರ್ಕಾರದ ಅಂಗಳಕ್ಕೆ ಮಾಡಿದ್ದರು. ಈಗ ಹಿಂಡನ್ನು ಮತ್ತೆ ಕರೆಸೋಣವೆಂದರೆ ಮಳೆ ಬಿದ್ದೊಡನೆ ಅದು ದಾವಣಗೆರೆಯ ಬಯಲಿಗೆ ಇಳಿದಿತ್ತು. ಗೆರೆಯ ಈಚೆಗೆ ಉಳಿದದ್ದು ಬೋಳುನೆಲವಷ್ಟೇ ಅಲ್ಲ, ಒಬ್ಬರ ಅನ್ನ.

ತಪ್ಪು ನನ್ನದೆಂದು ಆ ಸಂಜೆಯೇ ಎರಡನೆಯ ಅರ್ಜಿ ಬರೆದೆ. ಅದಕ್ಕೆ ಇಂದಿಗೂ ಉತ್ತರ ಬಂದಿಲ್ಲ. ದೂರಿಗೆ ಮೂರೇ ದಿನದಲ್ಲಿ ಎಚ್ಚರಗೊಂಡ ಕಚೇರಿ ತಪ್ಪೊಪ್ಪಿಗೆಗೆ ಏಕೆ ಏಳಲಿಲ್ಲ ಎಂಬ ಪ್ರಶ್ನೆಯನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಹುಲ್ಲಿಗೆ ಕಾಯಲು ಪುರಸೊತ್ತಿರಲಿಲ್ಲ.

ಸೊರಬದ ಕಡೆ, ಕುಪ್ಪಗಡ್ಡೆಯಲ್ಲಿ, ದನ ತುಳಿದು ತುಳಿದು ಗಟ್ಟಿಯಾದ ಕೆರೆ ಏರಿಯ ಮೇಲೆ ಸಣ್ಣೆಲೆಯ, ಗೆಣ್ಣು ಒತ್ತಾದ ಗರಿಕೆ ಇದೆಯೆಂದು ಹುಚ್ಚರಾಯಪ್ಪನವರಿಗೆ ಗೊತ್ತಿತ್ತು. ಇಬ್ಬರೂ ಹೋಗಿ ಎರಡು ಗೋಣಿಚೀಲ ತುಂಬಿಕೊಂಡು ಬಸ್ಸು ಹತ್ತಿದೆವು. ಶಿರಾಳಕೊಪ್ಪದಲ್ಲಿ ಸಂತೆಯ ಜನ ನುಗ್ಗಿದಾಗ ಕಂಡಕ್ಟರ್ ನನ್ನ ಮಡಿಲ ಮೇಲಿನ ಚೀಲವನ್ನು ನೋಡಿ, “ಏನ್ರೀ, ಬಿ.ಎ. ಮುಗಿಸಿ ಎಮ್ಮೆ ಕಟ್ಟಿದ್ರಾ?” ಎಂದ.

“ಎಮ್ಮಿ ಅಲ್ಲೋ ಮಾರಾಯ, ಪರೀಕ್ಷಿ ಕಟ್ಯಾರ,” ಎಂದರು ಹುಚ್ಚರಾಯಪ್ಪನವರು. ಬಸ್ಸು ನಕ್ಕಿತು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಬೋಳುನೆಲವನ್ನು ಗುದ್ದಲಿಯಿಂದ ಸಡಿಲಿಸಿದೆವು. ಗರಿಕೆಯ ಬಳ್ಳಿಯನ್ನು ಬೆರಳುದ್ದಕ್ಕೆ ಕೊಚ್ಚಿ, ಕುರಿಗೊಬ್ಬರವೂ ಮಣ್ಣೂ ಬೆರೆಸಿದ ಕೆಸರಿಗೆ ಹಾಕಿ, ಹೆಂಚಿಗೆ ದೋಸೆ ಹುಯ್ದಂತೆ ನೆಲದ ಮೇಲೆ ಬಳಿದೆವು. ಕೊಚ್ಚಿದ್ದು, ಕೆಸರಲ್ಲಿ ಹೂತದ್ದು, ಇನ್ನು ಬದುಕುವುದುಂಟೇ ಎಂದು ನಾನು ದಿನಕ್ಕೆರಡು ಬಾರಿ ಹೋಗಿ ನೋಡುತ್ತಿದ್ದೆ. “ನೋಡಿದ್ರ ನಾಚ್ಕೊಂಡು ಏಳಂಗಿಲ್ಲ, ಮನಿಗ್ ಹೋಗ್ರಿ,” ಎನ್ನುತ್ತಿದ್ದರು ಅವರು. ಒಂಬತ್ತನೆಯ ಬೆಳಿಗ್ಗೆ ಮೊಣಕಾಲೂರಿ ಬಗ್ಗಿದೆ. ಕೆಸರಿನ ತುಂಬ ಸೂಜಿಮೊನೆಯಷ್ಟು ಹಸಿರು. ಪ್ರತಿ ಗೆಣ್ಣೂ, ಎಷ್ಟು ಸಣ್ಣದಾಗಿ ಕತ್ತರಿಸಿದ್ದೆವೋ ಅಷ್ಟೂ, ಒಂದೊಂದು ಜೀವವಾಗಿ ಎದ್ದು ನಿಂತಿತ್ತು. ಮೂರು ಪುಟದವನಿಗೆ ಒಂದು ಪದ ಸಿಕ್ಕಲಿಲ್ಲ.

ದೀಪಾವಳಿಗೆ ಸಾಹೇಬರು ಬಂದರು, ಹುಲ್ಲಿನ ಮೇಲೆಯೇ ಕುರ್ಚಿ ಹಾಕಿಸಿಕೊಂಡು ಕುಳಿತರು, ಕೆಳಗೆ ನೋಡದೆ ಹೋದರು. ಹುಚ್ಚರಾಯಪ್ಪನವರ ಕೆಲಸ ಉಳಿಯಿತು. ನಾನು ಆ ಗೆರೆಯನ್ನು ಹುಡುಕಿದೆ, ಸಿಕ್ಕಲಿಲ್ಲ. ಹುಲ್ಲು ಅದನ್ನು ಮರೆತಿತ್ತು. ಮರೆಯುವ ಹಕ್ಕು ಅದಕ್ಕಿತ್ತು, ನನಗಿರಲಿಲ್ಲ.

ಕುರಿಹಿಂಡು ಬೀದಿ ದಾಟಿಹೋಯಿತು. ಮೇಜಿನ ಮೇಲೆ ಅರ್ಜಿಯ ನಾಲ್ಕು ಸಾಲು ಹಾಗೆಯೇ ಇದ್ದವು. ತೂಬಿನವನು ತಪ್ಪಿತಸ್ಥನಾಗಿದ್ದರೆ ಐದನೆಯ ಸಾಲನ್ನು ಬರೆದೇ ಬರೆಯುತ್ತೇನೆ. ಆದರೆ ಆ ತೂಬನ್ನು ನಾನಿನ್ನೂ ನೋಡಿರಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಚಪ್ಪಲಿ ಮೆಟ್ಟಿ, ಕೆರೆಯ ದಾರಿ ಹಿಡಿದೆ.