ಬೋರ್ಡಿಗೆ ಹಚ್ಚಿದ ಗಂಧ

ಮೊನ್ನೆ ಆಯುಧಪೂಜೆಯ ಬೆಳಿಗ್ಗೆ, ವಿಜಯನಗರದ ನಮ್ಮ ಬಿಲ್ಡಿಂಗಿನ ಕೆಳಗಿರುವ ಗ್ಯಾರೇಜಿನವರು ಗಾಡಿಗಳನ್ನು ತೊಳೆದು ನಿಲ್ಲಿಸಿ ಗಂಧ ಹಚ್ಚುತ್ತಿದ್ದರು. ನೀರಲ್ಲಿ ಕಲಸಿದ ಗಂಧದ ವಾಸನೆ ಮೆಟ್ಟಿಲು ಹತ್ತಿ ಮನೆಯೊಳಗೆ ಬಂತು. ಬೇರೆಯವರಿಗೆ ಅದು ಹಬ್ಬದ ವಾಸನೆ. ನನಗೆ ನಮ್ಮ ಪಾಲಿಟೆಕ್ನಿಕ್ಕಿನ ಲ್ಯಾಬ್ ಮೇಷ್ಟ್ರು ನೆನಪಾಗುತ್ತಾರೆ. ಕಲಿಸಿದವರ ಬಗ್ಗೆ ಹಗುರವಾಗಿ ಮಾತಾಡಬಾರದು ಅನ್ನುತ್ತಾರೆ. ನಾನು ಮಾತಾಡುತ್ತೇನೆ.

ಆಗ ನಾನು ಲಗ್ಗೆರೆಯಿಂದ ಬಸ್ಸಿನಲ್ಲಿ ಪಾಲಿಟೆಕ್ನಿಕ್ಕಿಗೆ ಹೋಗುತ್ತಿದ್ದೆ. ನಮ್ಮ ಲ್ಯಾಬಿಗೆ ಅಂಗೈಯಗಲದ ಒಂದು ಕಂಪ್ಯೂಟರ್ ಬಂದಿತ್ತು. ಇಡೀ ಕಂಪ್ಯೂಟರೇ ಒಂದು ಹಸಿರು ಬೋರ್ಡು, ಡಬ್ಬವೂ ಇಲ್ಲ, ಮುಚ್ಚಳವೂ ಇಲ್ಲ. ಮೇಷ್ಟ್ರು ಅದನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದರು. ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ಪಟ್ಟದ ಗೊಂಬೆಯ ಹಾಗೆ ತೋರಿಸುವುದಕ್ಕಷ್ಟೇ ಅದು. ಅದನ್ನು ಶುರು ಮಾಡುವುದು ಹೇಗೆಂದು ಅವರಿಗೂ ಗೊತ್ತಿರಲಿಲ್ಲ ಅನ್ನುವುದು ನನಗೆ ಆಮೇಲೆ ಹೊಳೆಯಿತು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಅದನ್ನೇ ಕೇಳಿದೆ. ಸಂಪಿನಲ್ಲಿ ನೀರು ಮುಗಿಯುತ್ತಿದ್ದ ಹಾಗೆ ಮೋಟಾರು ತಾನಾಗಿ ನಿಲ್ಲಬೇಕು, ಅದು ನನ್ನ ಯೋಚನೆ. "ಹೆಣ್ಮಕ್ಳಿಗೆ ಇದೆಲ್ಲ ಯಾಕಮ್ಮಾ, ನೀಟಾಗಿ ರಿಪೋರ್ಟ್ ಬರ್ಕೊಡಿ ಸಾಕು" ಅಂದರು. ನಾನು ಬಿಡಲಿಲ್ಲ. ದಿನಾ ಹೋಗಿ ಬೀರುವಿನ ಮುಂದೆ ನಿಂತೆ. ಕಾಟ ತಾಳಲಾರದೆ ಒಂದು ದಿನ ಬೀಗ ತೆಗೆದರು.

ಮೆಮೊರಿ ಕಾರ್ಡಿಗೆ ಆಪರೇಟಿಂಗ್ ಸಿಸ್ಟಂ ಇಳಿಸಿ, ಕಾರ್ಡನ್ನು ಬೋರ್ಡಿನ ಹೊಟ್ಟೆಗೆ ಸಿಕ್ಕಿಸಿ, ಲ್ಯಾಬಿನ ಹಳೆಯ ಟಿವಿಗೆ ಕೇಬಲ್ ಕೊಟ್ಟು ಸ್ವಿಚ್ ಹಾಕಿದೆ. ಟಿವಿ ಕಪ್ಪಗೇ ಇತ್ತು. ಕಾರ್ಡು ತೆಗೆದು ಸಿಸ್ಟಂ ಮತ್ತೆ ಇಳಿಸಿದೆ, ಆಗಲೂ ಕಪ್ಪು. ತಪ್ಪು ನನ್ನದಲ್ಲ, ಸಾಕಷ್ಟು ಕರೆಂಟು ಹರಿಯದ ಮೊಬೈಲ್ ಚಾರ್ಜರಿನ ಸಣಕಲು ವೈರಿನದು ಅಂತ ಗೊತ್ತಾಗುವಷ್ಟರಲ್ಲಿ ಎರಡು ದಿನ ಹೋಗಿತ್ತು. ದಪ್ಪ ವೈರಿನ ಚಾರ್ಜರ್ ಹಾಕಿದ ಕೂಡಲೇ ಪರದೆಯ ಮೇಲೆ ಕಾಮನಬಿಲ್ಲಿನ ಬಣ್ಣದ ಒಂದು ಚೌಕ ಮೂಡಿತು, ಅದರ ಹಿಂದೆಯೇ ಸರಸರ ಅಕ್ಷರಗಳು ಇಳಿದುಬಂದವು... ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿಲ್ಲ. ಮೇಷ್ಟ್ರು ಹಿಂದೆ ನಿಂತು ನೋಡುತ್ತಿದ್ದರು.

ಆಯುಧಪೂಜೆ ಬಂತು. ಉಳಿದವರೆಲ್ಲ ಗೇಟಿನ ಹತ್ತಿರ ಬೂದುಗುಂಬಳ ಒಡೆಯುವುದನ್ನು ನೋಡಲು ಓಡಿದ್ದರು. ಲ್ಯಾಬಿನಲ್ಲಿದ್ದದ್ದು ನಾವಿಬ್ಬರೇ. ಮೇಷ್ಟ್ರು ಮೀಟರುಗಳಿಗೆ, ಮೋಟಾರುಗಳಿಗೆ ಗಂಧ ಕುಂಕುಮ ಇಡುತ್ತಾ ನನ್ನ ಟೇಬಲ್ಲಿಗೆ ಬಂದರು.

"ಆಫ್ ಮಾಡ್ತೀನಿ ಇರಿ ಸಾರ್."

"ಬೇಡಮ್ಮ, ಲೈಟ್ ಮಿಣುಕ್ತಾ ಇದ್ರೇನೇ ಕಳೆ."

ಗಂಧದಲ್ಲಿ ಅದ್ದಿದ ಬೆರಳನ್ನು ನೇರವಾಗಿ ಬೋರ್ಡಿನ ಮೇಲೆ ಎಳೆದರು. ಅದರ ಮೇಲೆ ಕುಂಕುಮ. ಸಾಲದು ಅಂತ ಮಾವಿನೆಲೆಯಿಂದ ತೀರ್ಥ ಬೇರೆ ಚಿಮುಕಿಸಿದರು. ಟಿವಿ ಕಪ್ಪಾಯಿತು, ಬೋರ್ಡಿನ ದೀಪ ಆರಿತು, ಸುಟ್ಟ ವಾಸನೆ ಬಂತು. ಅವರು ನನ್ನ ಮುಖ ನೋಡಿದರು. "ಹಬ್ಬದ ದಿನ ಏನೂ ಮಾತಾಡ್ಬೇಡ" ಅಂದವರೇ ಗಂಧವನ್ನೆಲ್ಲ ಬಟ್ಟೆಯಲ್ಲಿ ಒರೆಸಿಬಿಟ್ಟರು.

ರಜೆ ಮುಗಿದ ಮೇಲೆ ಇಡೀ ಕ್ಲಾಸಿನೆದುರು ಎಚ್‌ಓಡಿಗೆ ಅವರು ಹೇಳಿದ್ದು ಇಷ್ಟು: "ಉಲ್ಟಾ ಕನೆಕ್ಷನ್ ಕೊಟ್ಟು ಸುಟ್ಟಾಕಿದಾಳೆ ಸಾರ್. ಕೆಲವರ ಕೈಗುಣವೇ ಹಾಗೆ." ನಾನು ಬಾಯಿ ತೆರೆದರೆ, ಮೇಷ್ಟ್ರಿಗೆ ಎದುರುತ್ತರ ಕೊಡುತ್ತೀಯಾ ಅಂತ ಎಚ್‌ಓಡಿ ಗದರಿಸಿ ಕೂರಿಸಿದರು. ಪ್ರಾಜೆಕ್ಟು ಹೋಯಿತು. ಬರೀ ರಿಪೋರ್ಟು ಬರೆದು ಪಾಸಾದೆ. ಪೀಣ್ಯದಲ್ಲಿ ಲೇತ್ ಮೇಲೆ ದುಡಿಯುತ್ತಿದ್ದ ಅಪ್ಪನೂ ಮೇಷ್ಟ್ರ ಮಾತನ್ನೇ ನಂಬಿದರು. ಅವತ್ತೇ ತೀರ್ಮಾನ ಮಾಡಿದೆ, ಈ ಮನುಷ್ಯನ ಬಾಯಿಂದಲೇ, ನಾಲ್ಕು ಜನರ ಎದುರಿಗೆ, 'ಸುಟ್ಟಿದ್ದು ಅವಳಲ್ಲ, ನಾನು' ಅಂತ ಹೇಳಿಸಬೇಕು.

ವರ್ಷಗಳು ಕಳೆದವು. ಈಗ ನಾನೇ ಭಾನುವಾರಗಳಲ್ಲಿ ಇಂಥ ಬೋರ್ಡುಗಳ ಕ್ಲಾಸು ನಡೆಸುತ್ತೇನೆ. ಹೋದ ವರ್ಷ ಒಂದು ಭಾನುವಾರ, ರಿಟೈರ್ ಆಗಿದ್ದ ಮೇಷ್ಟ್ರು ಹೊಸ ಬೋರ್ಡು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರಿಗೆ ನನ್ನ ಗುರುತು ಸಿಗಲಿಲ್ಲ. ದೇವರಿದ್ದಾನೆ ಅನ್ನಿಸಿತು.

ಬೇಕೆಂದೇ ಅವರಿಗೆ ಸಣಕಲು ವೈರಿನ ಚಾರ್ಜರ್ ಕೊಟ್ಟೆ. ಎಲ್ಲರ ಪರದೆಯೂ ಬೆಳಗಿತು, ಅವರದ್ದು ಮಾತ್ರ ಕಪ್ಪು. ಕಾರ್ಡು ತೆಗೆದರು, ಹಾಕಿದರು, ಕನ್ನಡಕ ಒರೆಸಿಕೊಂಡರು. ಕಾಲೇಜು ಹುಡುಗರು ಕಿಸಕ್ಕೆಂದರು. ನಾನು ಹತ್ತಿರ ಹೋಗಿ ಎಲ್ಲರಿಗೂ ಕೇಳುವ ಹಾಗೆ ಅಂದೆ: "ಕೆಲವರ ಕೈಗುಣವೇ ಹಾಗೆ ಸಾರ್."

ಅವರು ತಲೆಯೆತ್ತಿ ನನ್ನನ್ನು ನೋಡಿದರು, ಗುರುತು ಸಿಕ್ಕಿತು. ಎಷ್ಟು ಹಿತವಾಗಿತ್ತು ಆ ಗಳಿಗೆ, ಈಗಲೂ ಸುಳ್ಳು ಹೇಳಲಾರೆ.

ಕ್ಲಾಸು ಮುಗಿದು ಎಲ್ಲರೂ ಹೋದ ಮೇಲೂ ಅವರು ಕುಳಿತೇ ಇದ್ದರು. "ಅವತ್ತು ಲ್ಯಾಬಲ್ಲಿ... ನಾನು..." ಅಂತ ಶುರು ಮಾಡಿದರು. ನನಗೆ ಗೊತ್ತಾಯಿತು. ಆದರೆ ಖಾಲಿ ರೂಮಿನಲ್ಲಿ ಹೇಳಿದರೆ ಯಾರಿಗೆ ಕೇಳುತ್ತದೆ? ನನ್ನ ಮಾನ ಹೋಗಿದ್ದು ತುಂಬಿದ ಕ್ಲಾಸಿನಲ್ಲಿ. "ಟೈಮಾಯ್ತು ಸಾರ್. ಮುಂದಿನ ಭಾನುವಾರ ಬನ್ನಿ, ಎಲ್ಲರೂ ಇರ್ತಾರೆ, ಅವಾಗ ಹೇಳಿ" ಅಂದು ಬಾಗಿಲು ತೋರಿಸಿದೆ. ತಲೆಯಾಡಿಸಿ, ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದರು.

ಆ ಭಾನುವಾರ ಅವರಿಗಾಗಿ ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿದ್ದೆ. ದಪ್ಪ ವೈರಿನ ಚಾರ್ಜರನ್ನೂ ತೆಗೆದಿಟ್ಟಿದ್ದೆ. ಅವರು ಬರಲಿಲ್ಲ. ಶುಕ್ರವಾರವೇ ಹೃದಯಾಘಾತವಾಗಿ ಹೋಗಿದ್ದರು. ವಿಷಯ ತಿಳಿದು ಅತ್ತುಬಿಟ್ಟೆ, ಆದರೆ ಅವರಿಗಾಗಿ ಅಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಅಂತ, ಅದನ್ನು ತಡೆದದ್ದು ನಾನೇ ಅಂತ.

ಮೊನ್ನೆ ಹಬ್ಬದ ಸಂಜೆ, ಹಳೆಯ ಕ್ಲಾಸ್‌ಮೇಟುಗಳ ಗ್ರೂಪಿನಲ್ಲಿ ಯಾರೋ ಲ್ಯಾಬಿನ ಫೋಟೋ ಹಾಕಿದರು. ಕೆಳಗೆ ಒಬ್ಬ ಬರೆದಿದ್ದ: "ಬೋರ್ಡು ಸುಟ್ಟಾಕಿದ ಮೇಡಮ್ಮಿಗೆ ಸ್ಪೆಷಲ್ ವಿಶಸ್." ಎಲ್ಲರೂ ನಕ್ಕಿದ್ದರು.

"ಸುಟ್ಟಿದ್ದು ನಾನಲ್ಲ. ಬೇಕಿದ್ರೆ ಮೇಷ್ಟ್ರನ್ನೇ ಕೇಳಿ" ಅಂತ ಟೈಪ್ ಮಾಡಿದೆ.

ಆಮೇಲೆ ಅಳಿಸಿದೆ.