ಹೆಬ್ಬೆರಳಿನ ಉಗುರು

ಅಮೆರಿಕದ ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯಲ್ಲಿ ನಮ್ಮ ಎದುರುಮನೆಯಲ್ಲಿದ್ದ ಧಾರವಾಡದ ಅಂಕಲ್‌ಗೆ ಎಲ್ಲದಕ್ಕೂ ಅವಸರ. ತಿಂಡಿ ನಿಂತೇ ತಿನ್ನುತ್ತಿದ್ದರು. ನಾವು ಮಾತು ಮುಗಿಸುವ ಮೊದಲೇ ಫೋನ್ ಇಟ್ಟುಬಿಡುತ್ತಿದ್ದರು. ಗಿಡಮರಗಳ ಮುಂದೆ ಮಾತ್ರ ಬೇರೆಯೇ ಮನುಷ್ಯ.

ಒಂದು ವಸಂತದಲ್ಲಿ, ಚಿಗುರೆಲ್ಲ ಬಂದ ಮೇಲೆ, ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬಿತ್ತು. ಮನೆ ಕೊಂಡಾಗ ನೆಟ್ಟಿದ್ದ ನಮ್ಮ ಜಕರಂಡ ಸುಟ್ಟಂತೆ ಕಪ್ಪಾಯಿತು. ನಾನು ಗರಗಸ ಹಿಡಿದು ಹೊರಬಂದದ್ದು ಕಂಡು ಅಂಕಲ್ ರಸ್ತೆ ದಾಟಿ ಬಂದರು. ಹೆಬ್ಬೆರಳಿನ ಉಗುರಿನಿಂದ ಕೊಂಬೆಯ ತೊಗಟೆಯನ್ನು ಚೂರೇ ಕೆರೆದರು.

“ಒಳಗ ಹಸರ ಐತಿ ನೋಡ್ರಿ. ಕರ್ರಗಾದ ಎಲಿ ಹಂಗ ಇರ್ಲಿ, ಮತ್ತ ಥಂಡಿ ಬಿದ್ರ ಅದ ಹೊದಿಕಿ. ಗೊಬ್ಬರ ಬ್ಯಾಡ, ನೀರಷ್ಟ ಹಾಕ್ರಿ. ಗಡಬಡ ಮಾಡಬ್ಯಾಡ್ರಿ ಅಕ್ಕಾರ.”

ಆಮೇಲೆ ವಾರವಾರವೂ ಬಂದು, ಕೆರೆದು ನೋಡಿ, ಅದೇ ಮಾತು ಹೇಳಿ ಹೋಗುತ್ತಿದ್ದರು. ಆ ಕರಿ ಕೊಂಬೆಗಳನ್ನು ದಿನವೂ ನೋಡಿ ನನಗೆ ರೇಗುತ್ತಿತ್ತು. ಬೇಸಿಗೆಯ ಹೊತ್ತಿಗೆ ಅದೇ ಕೊಂಬೆಗಳಲ್ಲಿ ಚಿಗುರು ಕಂಡಿತು. ಹೇಳೋಣವೆಂದು ಅವರ ಮನೆಗೆ ಓಡಿದೆ.

ಅಂಕಲ್ ಹಿತ್ತಲಿನಲ್ಲಿ ತಮ್ಮ ಬಸವನಪಾದದ ಮರದ ಮುಂದೆ ನಿಂತಿದ್ದರು. ಅದೂ ಅದೇ ಚಳಿಗೆ ಸಿಕ್ಕಿದ್ದು ನನಗೆ ತಿಳಿದೇ ಇರಲಿಲ್ಲ. ಕೊಂಬೆಯ ತುದಿಯಿಂದ ಬುಡದವರೆಗೂ ಉಗುರಿನ ಗುರುತುಗಳು. ಎಲ್ಲವೂ ಒಣ ಕಂದು. ಅವರ ಕೈಯಲ್ಲಿ ಗರಗಸವಿತ್ತು.

ನನ್ನ ಬೆಂಗಳೂರಿನ ನಾಲಿಗೆಗೆ ಬಂದಷ್ಟು ಧಾರವಾಡದ ಮಾತಿನಲ್ಲಿ ಹೇಳಿದೆ: “ಗಡಬಡ ಮಾಡಬ್ಯಾಡ್ರಿ, ಅಂಕಲ್.”

ಅವರು ನನ್ನನ್ನೇ ನೋಡಿದರು. ಆಮೇಲೆ ಗರಗಸವನ್ನು ಹುಲ್ಲಿನ ಮೇಲಿಟ್ಟು, ಹೋಗಿ ನಲ್ಲಿ ತಿರುಗಿಸಿದರು.